ಕಪ್ಪು ಬಿಲ್ಲೆಗಳಿಗೆ ಕಲಾಯಿ

ಕಲಾಯಿ ಲಾಲ್ ಸಾಬರ ಕೈಗೆ ಹೋದ ಪಾತ್ರೆ ಕಪ್ಪಗೇ ಮನೆಗೆ ಮರಳಿದ್ದನ್ನು ಗುಬ್ಬಿಯಲ್ಲಿ ಯಾರೂ ಕಂಡಿರಲಿಲ್ಲ. ಕಿಲುಬು ಹತ್ತಿದ ತಪ್ಪಲೆಯೊಳಗೆ ಮರಳು ಸುರಿದು, ತೆಂಗಿನ ನಾರಿನ ಮೇಲೆ ನಿಂತು, ಗೋಡೆ ಹಿಡಿದು ಸೊಂಟ ತಿರುಗಿಸುತ್ತ ಕಾಲಿನಿಂದಲೇ ಉಜ್ಜುವರು. ಆಮೇಲೆ ಕೆಂಡದ ಮೇಲಿಟ್ಟು ತಿದಿಯೊತ್ತಿ, ಕಾವು ಏರಿದಾಗ ನವಸಾಗರದ ಪುಡಿ ಎರಚುವರು. ಬುಸ್ಸೆಂದು ಬಿಳಿ ಹೊಗೆ ಏಳುತ್ತಿರುವಂತೆಯೇ ತವರದ ಕಡ್ಡಿ ಸೋಕಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದರೆ ತಪ್ಪಲೆಯೊಳಗೆ ಬೆಳ್ಳಿ ಕರಗಿಸಿ ಹೊಯ್ದಂತಾಗುತ್ತಿತ್ತು. ಸ್ಟೀಲು ಬಂದು ಅಡುಗೆಮನೆಗಳನ್ನೆಲ್ಲ ತುಂಬಿಕೊಂಡ ಮೇಲೆ ಮದುವೆ ಅಡುಗೆಯವರ ಕೊಪ್ಪರಿಗೆ ಬಿಟ್ಟರೆ ಹೆಚ್ಚು ಕೆಲಸವಿರಲಿಲ್ಲ. ಆದರೂ ಕಪ್ಪಗಿರುವುದನ್ನು ಕಂಡರೆ ಅವರಿಗೆ ಸುಮ್ಮನಿರಲಾಗುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರ ಬೇಸಿಗೆ ಅದು. ಆ ಬೆಳಿಗ್ಗೆ ಅವರು ಮಗಳು ಫಿರ್ದೋಸಳ ಜೊತೆ ಕುಣಿಗಲ್ಲಿಗೆ ಹೊರಟಿದ್ದರು. ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅವಳು ಸಂಶೋಧನೆ ಮಾಡುತ್ತಿದ್ದಳು. ಚಿಮಣಿಯಲ್ಲಿ, ಒಲೆಯಲ್ಲಿ ಸುಮ್ಮನೆ ಗಾಳಿಗೆ ಹೋಗುವ ಬಿಸಿಯನ್ನು ಕರೆಂಟು ಮಾಡುವ ಬಿಲ್ಲೆಗಳು ಅವಳವು. ಅಂಗಿಯ ಗುಂಡಿಗಿಂತ ದಪ್ಪ, ಕಾಸಿಗಿಂತ ಚಿಕ್ಕವು, ನೋಡಲು ಬೂದುಗಪ್ಪು. ಅವುಗಳ ಲೋಹವನ್ನು ಬೆಂಗಳೂರಿನ ಒಂದು ಲ್ಯಾಬಿನ ಮಿಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆದು, ಆ ಪುಡಿಯನ್ನು ಬಿಸಿಯಲ್ಲಿ ಒತ್ತಿ ಮಾಡಿದ್ದಳು. ಈಗ ಆ ಲ್ಯಾಬಿನವರು ಮಿಲ್ಲನ್ನು ಹೊರಗಿನವರಿಗೆ ಕೊಡುವುದನ್ನು ನಿಲ್ಲಿಸಿದ್ದರು. ಪುಡಿ ಮುಗಿದಿತ್ತು. ಅವಳಿಗೆ ದಾರಿ ತೋರಿಸುತ್ತಿದ್ದ ಶಿವರಾಮಯ್ಯ ಮೇಷ್ಟ್ರು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಸಂಶೋಧನೆಗೆ ಹಣ ಕೊಡುವ ಕಡೆಯಿಂದ ಒಬ್ಬ ಅಧಿಕಾರಿ ಬಂದು ಇವತ್ತು ಕುಣಿಗಲ್ಲಿನಲ್ಲಿ ಒಂದು ಚಿಮಣಿಯ ಮೇಲೆ ಈ ಬಿಲ್ಲೆಗಳ ಕೆಲಸ ನೋಡುವುದು, ಮೆಚ್ಚಿಕೊಂಡರೆ ಕೆಲಸ ಮುಂದುವರಿಯುವುದು, ಇಲ್ಲವಾದರೆ ಕಾಲೇಜಿನ ಲ್ಯಾಬ್ ಕೋಣೆಯ ಬೀಗದ ಕೈ ವಾಪಸ್ಸು ಕೊಡುವುದು. ಇಷ್ಟು ಲಾಲ್ ಸಾಬರಿಗೂ ಗೊತ್ತಿತ್ತು.

ಹೊರಡುವ ಮುಂಚೆ ಹೆಂಡತಿ ರಹಿಮಾ ಬೀ ಚಪಾತಿಯ ಡಬ್ಬಿ ಚೀಲಕ್ಕಿಡುತ್ತ ಮೂಗು ಮುಚ್ಚಿಕೊಂಡಿದ್ದರು.

"ಏನ್ರೀ ಇದು, ಬೆಳಗಾಗೆದ್ದು ಬೆಳ್ಳುಳ್ಳಿ ಅಗಿದಿದೀರಾ? ಹತ್ರ ಬರಕ್ಕಾಗ್ತಿಲ್ಲ."

"ಯಾವ್ ಬೆಳ್ಳುಳ್ಳೀನೇ? ನಿನ್ ಮೂಗು ಕೆಟ್ಟಿದೆ."

"ನನ್ ಮೂಗು ಸರಿಯಾಗೇ ಇದೆ. ತಗೊಳ್ಳಿ, ಲವಂಗ ಬಾಯಿಗೆ ಹಾಕ್ಕೊಳಿ. ದೊಡ್ಡ ಜನ ಬರ್ತಾರೆ, ಮಗಳ ಮಾನ ಕಳೀಬೇಡಿ."

ಲಾಲ್ ಸಾಬರು ಲವಂಗ ಜಗಿಯುತ್ತ ಒಳಗೊಳಗೇ ನಕ್ಕಿದ್ದರು. ಮಗಳ ಮಾನ ಹೆಚ್ಚಿಸುವ ಕೆಲಸವನ್ನು ಅವರು ಹಿಂದಿನ ಸಂಜೆಯೇ ಮಾಡಿ ಮುಗಿಸಿದ್ದರು. ಅದು ಯಾರಿಗೂ ಗೊತ್ತಿರಲಿಲ್ಲ.

ಆಗಿದ್ದಿಷ್ಟು. "ಬಿಲ್ಲೆಗೆ ತವರ ಹಿಡೀತಾನೇ ಇಲ್ಲ ಅಮ್ಮೀ, ಬೆಸುಗೆ ಕೂರಲ್ಲ, ಬರೀ ಸ್ಕ್ರೂ ಬಿಗಿದು ಒತ್ತಿ ಇಡ್ಬೇಕು" ಎಂದು ವಾರದ ಹಿಂದೆ ಮಗಳು ತಾಯಿಯ ಬಳಿ ಪೇಚಾಡಿದ್ದು ಅವರ ಕಿವಿಗೆ ಬಿದ್ದಿತ್ತು. ತವರ ಹಿಡಿಯುತ್ತಿಲ್ಲ! ಕಲಾಯಿಯವನ ಮನೆಯಲ್ಲಿ ಹುಟ್ಟಿ ಈ ಮಾತು! ನಿನ್ನೆ ಅವಳು ಸ್ಕ್ರೂ ತರಲು ತುಮಕೂರಿಗೆ ಹೋಗಿದ್ದಳು. ರಹಿಮಾ ಬೀ ತಂಗಿಯ ಮನೆಗೆ ಹೋಗಿದ್ದರು. ಲಾಲ್ ಸಾಬರು ಬೀರುವಿನಿಂದ ಹಳೆಯ ಕನ್ನಡಕದ ಡಬ್ಬಿ ತೆಗೆದು, ಹತ್ತಿಯಲ್ಲಿ ಸುತ್ತಿಟ್ಟಿದ್ದ ಬಿಲ್ಲೆಗಳನ್ನು ಒಂದೊಂದಾಗಿ ಚಿಮಟದಲ್ಲಿ ಹಿಡಿದು ಕೆಂಡಕ್ಕೆ ಒಡ್ಡಿದ್ದರು. ಆಮೇಲೆ ಮೊದಲಿನಂತೆಯೇ ಹತ್ತಿ ಸುತ್ತಿ, ಟೇಪು ಅಂಟಿಸಿ, ಇದ್ದಲ್ಲೇ ಇಟ್ಟಿದ್ದರು. ಕುಣಿಗಲ್ಲಿನಲ್ಲಿ ಎಲ್ಲರ ಮುಂದೆ ಡಬ್ಬಿ ತೆರೆದಾಗ ಮಗಳ ಮುಖ ಅರಳುವುದನ್ನು ನೋಡಬೇಕೆಂಬುದೊಂದೇ ಅವರ ಆಸೆ.

ಗುಬ್ಬಿಯಿಂದ ತುಮಕೂರಿನ ಬಸ್ಸಿನಲ್ಲಿ ಫಿರ್ದೋಸ್ ಕಿಟಕಿಯ ಪಕ್ಕ ಕೂತಿದ್ದಳು. ಕಬ್ಬಿಣದ ಪಟ್ಟಿ, ನೀರಿನ ಪಾತ್ರೆ ಇದ್ದ ಭಾರದ ಚೀಲ ಲಾಲ್ ಸಾಬರ ಕಾಲಬಳಿ, ಕನ್ನಡಕದ ಡಬ್ಬಿ ಅವರ ತೊಡೆಯ ಮೇಲೆ. ಮನೆಮಾತು ಉರ್ದುವಾದರೂ ಓದಿನ ಮಾತು ಬಂದಾಗ ಮಗಳು ಕನ್ನಡಕ್ಕೆ ತಿರುಗುತ್ತಿದ್ದಳು. ಅವಳು ಕಲಿತದ್ದು ಕನ್ನಡ ಶಾಲೆಯಲ್ಲಿ.

"ಅದರೊಳಗೆ ಏನಿದೆ ಅಂತ ನಂಗೂ ಹೇಳಮ್ಮ. ಯಾರಾದ್ರೂ ಕೇಳಿದ್ರೆ ಪೆದ್ದನ ಥರ ನಿಲ್ಬಾರ್ದು."

ಫಿರ್ದೋಸ್ ನಕ್ಕಳು. "ನಮ್ಮ ಮಸೀದಿ ಹಿಂದಿನ ಓಣಿ ಇದೆಯಲ್ಲ ಅಬ್ಬಾ, ಅಲ್ಲಿ ಲಾರಿ ನುಗ್ಗತ್ತಾ?"

"ಎಲ್ಲಿಂದ ನುಗ್ಗತ್ತೆ? ತಿರುವಿಗೊಂದು ಜಗಲಿ."

"ಸೈಕಲ್ಲು?"

"ಅದಕ್ಕೇನು, ಸರಾಗ."

"ಅಷ್ಟೇ ನೋಡಿ. ಬಿಸಿ ಲಾರಿ ಇದ್ದಂಗೆ, ಕರೆಂಟು ಸೈಕಲ್ಲು. ಬಿಲ್ಲೆ ಒಳಗೆಲ್ಲ ಸಣ್ಣ ಸಣ್ಣ ಕಣ, ಕಣದ ಸುತ್ತ ಗೋಡೆ. ಬಿಸಿ ತಿರುವು ತಿರುವಿಗೂ ಸಿಕ್ಕಾಕೊಳತ್ತೆ. ಕರೆಂಟು ನುಸುಳ್ಕೊಂಡು ಹೋಗತ್ತೆ. ಒಂದು ಕಡೆ ಬಿಸಿ ಬಿಸಿಯಾಗೇ ಇದ್ದು, ಇನ್ನೊಂದು ಕಡೆ ತಣ್ಣಗೇ ಇದ್ರೆ ತಾನೇ ಕರೆಂಟು ಹುಟ್ಟೋದು? ಮಾರ್ಕೆಟ್ಟಲ್ಲಿ ಸಿಗೋ ಬಿಲ್ಲೇಲಿ ದೊಡ್ಡ ದೊಡ್ಡ ಕಣ. ಹೈವೇ ಇದ್ದಂಗೆ. ಲಾರಿ ಬುರ್ರಂತ ಹೋಗ್ಬಿಡತ್ತೆ."

"ವಾಹ್!" ಎಂದರು ಲಾಲ್ ಸಾಬರು. ಮುಂದಿನ ಸೀಟಿನವರಿಗೂ ಕೇಳಲಿ ಎಂಬಂತೆ. "ಮತ್ತೆ ಇನ್ನೂ ಚೆನ್ನಾಗಿ ಕಾಯಿಸಿದ್ರೆ ಇನ್ನೂ ಗಟ್ಟಿ ಆಗಲ್ವಾ?"

"ಅಯ್ಯೋ, ಅದೊಂದೇ ಆಗ್ಬಾರದು! ಚಿಮಣಿ ಬಿಸಿ ಪರವಾಗಿಲ್ಲ, ತಡ್ಕೊಳತ್ತೆ. ಕೆಂಡದಂಥ ಬಿಸೀಲಿ ಸ್ವಲ್ಪ ಹೊತ್ತು ಇಟ್ರೆ ಮುಗೀತು. ಕಣ ಕಣ ಸೇರ್ಕೊಂಡು ದೊಡ್ಡದಾಗತ್ತೆ. ಗೋಡೆ ಎಲ್ಲ ಬಿದ್ದು ಓಣಿ ಹೋಗಿ ಹೈವೇ ಆದಂಗೆ. ಆಮೇಲೆ ಯಾರೇನ್ ಮಾಡಿದ್ರೂ ಮೊದಲಿನಂಗೆ ಆಗಲ್ಲ. ಬೇರೆ ಲೋಹ ಒಳಗೆ ಸೇರಿದ್ರಂತೂ ಕೇಳೋದೇ ಬೇಡ."

ಅವಳು ಹೇಳುತ್ತಲೇ ಇದ್ದಳು. ಲಾಲ್ ಸಾಬರಿಗೆ ಮುಂದಿನದು ಕೇಳಿಸಲಿಲ್ಲ. ತೊಡೆಯ ಮೇಲಿದ್ದ ಡಬ್ಬಿ ಗುಂಡುಕಲ್ಲಿನಷ್ಟು ಭಾರವಾಯಿತು.

"ಅಬ್ಬಾ? ಯಾಕೆ, ತಲೆ ಸುತ್ತತ್ತಾ?"

"ಇಲ್ಲಮ್ಮ. ಬಿಸಿಲು."

ಹೇಳಿಬಿಡಬೇಕು ಎಂದುಕೊಂಡರು. ಬಾಯಿ ತೆರೆದರು. ಮಗಳು ಮೊಬೈಲಿನಲ್ಲಿ ಮೇಷ್ಟ್ರಿಗೆ "ಬರ್ತಾ ಇದೀವಿ ಸರ್, ಎಲ್ಲಾ ರೆಡಿ" ಎನ್ನುತ್ತಿದ್ದಳು. ಆ ದನಿಯಲ್ಲಿದ್ದ ಹುರುಪು ಕೇಳಿ ತೆರೆದ ಬಾಯಿ ಮುಚ್ಚಿಕೊಂಡಿತು. ತುಮಕೂರು ಬರಲಿ, ಅಲ್ಲಿ ಹೇಳುತ್ತೇನೆ. ತುಮಕೂರೂ ಬಂತು. ಹೇಳಲಾಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಫಿರ್ದೋಸ್ ಕುಣಿಗಲ್ ಬಸ್ಸು ಎಲ್ಲಿ ನಿಲ್ಲುತ್ತದೆಂದು ವಿಚಾರಿಸಲು ಹೋದಳು. ಲಾಲ್ ಸಾಬರು ಕಲ್ಲುಬೆಂಚಿನ ಮೇಲೆ ಕೂತರು. ಮನುಷ್ಯ ದಿಕ್ಕುಗೆಟ್ಟಾಗ ಶೈತಾನನಿಗೆ ಹೆಚ್ಚು ಹೊತ್ತು ಬೇಕಿಲ್ಲ. ಡಬ್ಬಿ ಕಳೆದುಹೋದರೆ? ಬಸ್‌ಸ್ಟ್ಯಾಂಡಿನಲ್ಲಿ ದಿನಾ ಎಷ್ಟು ಜನರ ಸಾಮಾನು ಕಳೆಯುವುದಿಲ್ಲ! ಕಳ್ಳನನ್ನು ಬೈಯುತ್ತಾರೆ, ಮಗಳನ್ನು ಯಾರೂ ಬೈಯುವುದಿಲ್ಲ. ಅಯ್ಯೋ ಪಾಪ ಎನ್ನುತ್ತಾರೆ. ಇನ್ನೊಂದು ದಿನ ಕೊಟ್ಟರೂ ಕೊಟ್ಟಾರು. ಅವರು ಡಬ್ಬಿಯನ್ನು ಬೆಂಚಿನ ಕೆಳಗೆ ಸರಿಸಿದರು. ಚೀಲ ಎತ್ತಿಕೊಂಡು, ಹಿಂದೆ ನೋಡದೆ, ಮಗಳು ಕೈಬೀಸಿ ಕರೆದತ್ತ ನಡೆದರು.

ಬಸ್ಸು ಹೊರಡುವುದರಲ್ಲಿತ್ತು. ಯಾರೋ ಕಿಟಕಿಯ ತಗಡನ್ನು ದಬದಬ ಬಡಿದರು. ಬೆಂಚಿನ ಪಕ್ಕ ಹೂ ಮಾರುತ್ತಿದ್ದ ಮಹಾಲಕ್ಷ್ಮಮ್ಮ. ಏದುಸಿರು, ಸೆರಗು ಸೊಂಟದಲ್ಲಿ, ಕೈಯಲ್ಲಿ ಕನ್ನಡಕದ ಡಬ್ಬಿ.

"ಏನ್ ಸಾಬ್ರೇ, ಕಣ್ಣೇ ಬಿಟ್ಟು ಹೊಂಟ್ಬುಟ್ರಲ್ಲ! ಕನ್ನಡಕ ಇಲ್ದೆ ಊರಿಗೋಗಿ ಯಾರ್ ಮನೆ ಬಾಗ್ಲು ತಟ್ಟೀರಿ?"

ಅಕ್ಕಪಕ್ಕದವರು ನಕ್ಕರು. ಫಿರ್ದೋಸ್‌ಗೆ ಮಾತ್ರ ಜೀವ ಹೋಗಿ ಬಂದಿತ್ತು. ಡಬ್ಬಿ ಈಸಿಕೊಂಡು ಎದೆಗೊತ್ತಿಕೊಂಡಳು. "ಅಮ್ಮಾ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ನೀವು ತಂದ್ಕೊಟ್ಟಿದ್ದು ಕನ್ನಡಕ ಅಲ್ಲ, ನನ್ನ ಜೀವಾನೇ."

"ಹೋಗ್ಲಿ ಬುಡವ್ವ, ವಯಸ್ಸಾದೋರು. ನೀನೇ ಮಡಿಕ್ಕೊ."

ಬಸ್ಸು ಹೊರಟಿತು. ಫಿರ್ದೋಸ್ ತಂದೆಯತ್ತ ತಿರುಗಿದಳು. ಬೈಯಲಿಲ್ಲ. "ಹುಷಾರಿಲ್ವಾ ಅಬ್ಬಾ?" ಎಂದು ಹಣೆ ಮುಟ್ಟಿ ನೋಡಲು ಬಾಗಿದಳು. ಬಾಯೊಳಗಿನ ಲವಂಗ ಎಂದೋ ಕರಗಿಹೋಗಿತ್ತು. ಲಾಲ್ ಸಾಬರು ನಿಟ್ಟುಸಿರು ಬಿಟ್ಟರು. ಅವಳ ಕೈ ಅರ್ಧಕ್ಕೇ ನಿಂತಿತು.

"ಬೆಳ್ಳುಳ್ಳಿ ತಿಂದಿದೀರಾ?"

"ಇಲ್ಲ. ನಿಮ್ಮಮ್ಮೀನೂ ಹಂಗೇ ಅಂದ್ಳು."

ಫಿರ್ದೋಸಳ ಮುಖದ ರಕ್ತವೆಲ್ಲ ಇಳಿದುಹೋಯಿತು. "ಈ ಬಿಲ್ಲೇಲಿ ಟೆಲ್ಲೂರಿಯಂ ಅಂತ ಒಂದಿದೆ ಅಬ್ಬಾ. ಅದರ ಹೊಗೆ ಕುಡಿದೋರ ಉಸಿರು ಬೆಳ್ಳುಳ್ಳಿ ವಾಸನೆ ಬರತ್ತೆ. ದಿನಗಟ್ಲೆ ಹೋಗಲ್ಲ. ಲ್ಯಾಬಲ್ಲಿ ನಮಗೆ ಮೊದಲು ಹೇಳ್ಕೊಡೋದೇ ಅದು." ಅವಳ ದನಿ ಸಣ್ಣದಾಯಿತು. "ನೀವು ಡಬ್ಬಿ ತೆಗೆದ್ರಾ?"

ಲಾಲ್ ಸಾಬರು ತಲೆ ತಗ್ಗಿಸಿದರು. ಅವಳು ಟೇಪು ಕಿತ್ತಳು. ಹತ್ತಿ ಬಿಡಿಸಿದಳು. ಬಿಲ್ಲೆಗಳು ಹೊಸ ಕಾಸಿನಂತೆ ಫಳಫಳ ಹೊಳೆದವು. ಹಿಂದಿನ ಸೀಟಿನ ಮಗುವೊಂದು ಇಣುಕಿ "ಬೆಳ್ಳಿ!" ಎಂದಿತು.

"ತವರ ಹಿಡೀತಿಲ್ಲ ಅಂದ್ಯಲ್ಲಮ್ಮ..."

ಅವಳು ಅಳಲಿಲ್ಲ. ಅತ್ತಿದ್ದರೆ ಅವರಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಲ್ಯಾಬಿನಲ್ಲಿ ಯಾರನ್ನೋ ಕೇಳುವಂತೆ ಕೇಳಿದಳು. "ಎಷ್ಟು ಕಾಯಿಸಿದ್ರಿ?"

"ಮೊದ್ಲು ಹಿಡೀಲೇ ಇಲ್ಲ. ಜಾರಿ ಜಾರಿ ಹೋಗೋದು. ಆಮೇಲೆ ತಿದಿ ಜೋರಾಗಿ ಒತ್ತಿ ಹಿಡ್ಕೊಂಡೆ. ಮಬ್ಬುಗೆಂಪು ಬಂತು. ತಿರುಗಿ ತಿರುಗಿ ಇಟ್ಟೆ. ಆಗ ಹಿಡೀತು."

"ಎಲ್ಲಾನೂ?"

"ಎಲ್ಲಾನೂ."

"ಒಂದಾದ್ರೂ ಬಿಟ್ಟಿಲ್ವಾ ಅಬ್ಬಾ? ಒಂದು?"

"ಅದೊಂದೇ ಕಪ್ಪಗೆ ಕಾಣತ್ತಲ್ಲಾಂತ..."

ಫಿರ್ದೋಸ್ ಡಬ್ಬಿ ಮುಚ್ಚಿದಳು. "ಕೆರೆದು ತೆಗೀತೀನಿ ಕೊಡಮ್ಮ, ನಂಗೆ ಬರತ್ತೆ" ಎಂದು ಅವರು ಕೈಚಾಚಿದರು. "ಮೇಲಿಂದು ಹೋಗತ್ತೆ, ಒಳಗಿಂದು ಬರಲ್ಲ" ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗಿದಳು. ಹೆಬ್ಬೂರಿನಲ್ಲಿ ಮುಂದಿನ ಸೀಟು ಖಾಲಿಯಾದಾಗ ಎದ್ದುಹೋಗಿ ಅಲ್ಲಿ ಕೂತಳು. ಕುಣಿಗಲ್ಲಿನವರೆಗೂ ಲಾಲ್ ಸಾಬರು ಮಗಳ ಬೆನ್ನು ನೋಡುತ್ತ ಕೂತರು. ಬೆನ್ನು ಒಮ್ಮೆಯಾದರೂ ಅಲುಗಲಿ, ಅಳಲಿ ಎಂದು ಕಾದರು. ಅಲುಗಲಿಲ್ಲ.

ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ರವೀಶನ ಶೆಡ್ಡು ಕೊತ್ತಗೆರೆ ರಸ್ತೆಯಲ್ಲಿತ್ತು. ಒಲೆ ಉರಿಯುತ್ತಿತ್ತು, ತಗಡಿನ ಚಿಮಣಿ ಮುಟ್ಟಲಾಗದಷ್ಟು ಕಾದಿತ್ತು. ಬೆಂದ ಹುಳುವಿನ ಕಮಟು ವಾಸನೆ ತುಂಬಿತ್ತು. ಕರೆಂಟು ಹೋಗಿತ್ತು. ಆ ಬೇಸಿಗೆಯಲ್ಲಿ ಕರೆಂಟು ಇದ್ದರೇ ಸುದ್ದಿ.

"ಬಾರಮ್ಮಾ ತಾಯಿ!" ರವೀಶ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ ಕೂಗಿದ. "ಬೇಗ ಒಂದು ಫ್ಯಾನ್ ತಿರುಗ್ಸು. ನಮ್ ಹೊಗೆಗೂ ಒಂದು ಬೆಲೆ ಬತ್ತದೆ ಅಂದ್ರೆ ನಮ್ಮಪ್ಪ ಸ್ವರ್ಗದಲ್ಲಿ ಕುಣೀತಾನೆ!"

ಶಿವರಾಮಯ್ಯ ಮೇಷ್ಟ್ರು ಅಧಿಕಾರಿಯನ್ನು ಪರಿಚಯಿಸಿದರು. ಮೆದು ಮಾತಿನ, ಚಿನ್ನದ ಕಟ್ಟಿನ ಕನ್ನಡಕದ ಮನುಷ್ಯ. ಫಿರ್ದೋಸ್ ಯಾರಿಗೂ ಏನೂ ಹೇಳಲಿಲ್ಲ. ಮೂಲೆಯಲ್ಲಿ ಕೂತು ಬಿಲ್ಲೆಗಳ ಅಂಚಿನ ತವರವನ್ನು ಅರದಿಂದ ಕೆರೆದಳು. ಕೆರೆಯುವಾಗ ಒಂದೆರಡು ಬಿರುಕು ಬಿಟ್ಟವು.

ಮೊದಲು, ಹೋಲಿಸಿ ತೋರಿಸಲೆಂದು ತಂದಿದ್ದ ಮಾರ್ಕೆಟ್ಟಿನ ಬಿಲ್ಲೆಗಳನ್ನು ಪಟ್ಟಿಯೊಳಗಿಟ್ಟು ಚಿಮಣಿಗೆ ಬಿಗಿದು, ಹಿಂದೆ ತಣ್ಣೀರಿನ ಪಾತ್ರೆ ಒತ್ತಿದಳು. ತಂತಿಯ ತುದಿಗೆ ಜೋಡಿಸಿದ್ದ, ಆಟದ ಸಾಮಾನಿನಂಥ ಪುಟ್ಟ ಫ್ಯಾನು ಮೆಲ್ಲಗೆ ತಿರುಗಿತು. ರವೀಶ ಶಿಳ್ಳೆ ಹಾಕಿದ. ಆಮೇಲೆ ತನ್ನವನ್ನು ಇಟ್ಟಳು. ಎಲ್ಲರೂ ಬಾಗಿ ನೋಡಿದರು. ಲಾಲ್ ಸಾಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತವರು ಅಲ್ಲಿಂದಲೇ ದುವಾ ಮಾಡಿದರು. ಒಂದು ಸಲ ತಿರುಗಿಸು ಖುದಾ, ನನ್ನ ಆಯುಸ್ಸಿನಲ್ಲಿ ಬೇಕಾದಷ್ಟು ತಗೋ.

ಫ್ಯಾನು ಒಮ್ಮೆ ನಡುಗಿತು. ನಿಂತಿತು.

"ಅಲ್ಲಮ್ಮಾ," ಅಧಿಕಾರಿ ಮೆಲ್ಲಗೆ ಕೇಳಿದರು, "ಇದು ಮಾರ್ಕೆಟ್ಟಿಂದಕ್ಕಿಂತ ಕಡೆಯಾಯ್ತಲ್ಲ? ನೀವು ಅದಕ್ಕಿಂತ ಜಾಸ್ತಿ ಅಂತ ಅಲ್ವಾ ಹೇಳಿದ್ದು?"

"ಒತ್ತುವಾಗ ಬಿಸಿ ಜಾಸ್ತಿ ಆಗೋಗಿದೆ ಸರ್. ನನ್ನ ತಪ್ಪು."

"ಹೋದ ವಾರ ನಾನೇ ನಿಂತು ನೋಡಿದ್ನಲ್ಲಮ್ಮ," ಎಂದರು ಮೇಷ್ಟ್ರು ತಬ್ಬಿಬ್ಬಾಗಿ. "ಎಷ್ಟು ಚೆನ್ನಾಗಿ ಬಂದಿತ್ತು!"

ಫಿರ್ದೋಸ್ ಬಾಗಿಲತ್ತ ನೋಡಲಿಲ್ಲ. "ಆಗ ಮೀಟರ್ ತಪ್ಪು ತೋರಿಸಿರಬಹುದು ಸರ್."

"ಅಂದ್ರೆ ಇಷ್ಟು ದಿನದ ಲೆಕ್ಕಾನೂ ನಂಬೋ ಹಾಗಿಲ್ಲ ಅಂತಾಯ್ತು," ಎಂದರು ಅಧಿಕಾರಿ.

ಮೇಷ್ಟ್ರು ಕುರ್ಚಿ ಹುಡುಕಿ ಕೂತರು. ಲಾಲ್ ಸಾಬರಿಗೆ ವಿಜ್ಞಾನ ತಿಳಿಯದು. ಆದರೆ ಒಳ್ಳೆಯ ಕೆಲಸ ಮಾಡಿದವಳು ತನ್ನ ಬಾಯಿಂದಲೇ ಅದು ಕೆಟ್ಟದ್ದು ಎನ್ನುವುದೆಂದರೇನೆಂದು ತಿಳಿಯದೆ?

"ನಾನು ಮಾಡಿದ್ದು ಸಾರ್," ಎಂದರು ಬಾಗಿಲಿಂದ. "ಬಿಲ್ಲೆ ಚೆನ್ನಾಗಿತ್ತು. ಮೀಟರೂ ಸರಿಯಾಗಿತ್ತು. ನಿನ್ನೆ ನಾನು ಕಲಾಯಿ ಹಾಕ್ಬಿಟ್ಟೆ."

"ಏನ್ ಹಾಕಿದ್ರಿ?" ಎಂದರು ಅಧಿಕಾರಿ.

"ಕಲಾಯಿ. ಪಾತ್ರೆಗೆ ಹಾಕ್ತಾರಲ್ಲ, ಅದು. ನಮ್ಮ ಕಸುಬು. ಕಪ್ಪಗಿತ್ತು ಅಂತ..."

ರವೀಶ ಬಿದ್ದು ಬಿದ್ದು ನಕ್ಕ. "ಅಯ್ಯೋ ಸಾಬ್ರೇ! ನಮ್ಮನೇಲಿ ಎರಡು ಹಂಡೆ ಅವೆ, ಅವ್ಕೂ ಹಾಕ್ಬುಡಿ ಮತ್ತೆ!" ನೂಲು ಸುತ್ತುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಧಿಕಾರಿಯೂ ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು. ಮೇಷ್ಟ್ರು ಮಾತ್ರ ನಗಲಿಲ್ಲ. ಫಿರ್ದೋಸ್ ಕಾದ ಚಿಮಣಿಯನ್ನೇ ನೋಡುತ್ತ ನಿಂತಿದ್ದಳು.

"ಸರಿ," ಎಂದರು ಅಧಿಕಾರಿ ಸಾವರಿಸಿಕೊಂಡು, "ಹಾಗಿದ್ರೆ ಹೊಸದು ಮಾಡಿ ತೋರಿಸಿ. ಈ ತಿಂಗಳೊಳಗೆ."

"ಎಲ್ಲಿಂದ ಮಾಡೋದು ಸಾರ್?" ಮೇಷ್ಟ್ರ ದನಿ ಸೋತಿತ್ತು. "ಪುಡಿ ಇಲ್ಲ. ಅರೆಯೋ ಮಿಲ್ಲು ನಮ್ಮ ಕೈಲಿಲ್ಲ. ನಾನೇ ಇರಲ್ಲ."

"ಹಾಗಾದ್ರೆ ನಾನೇನ್ ಮಾಡ್ಲಿ ಹೇಳಿ? ಮೊದಲಿನ ಲೆಕ್ಕ ಸುಳ್ಳು ಅಂತ ನಾನು ಅನ್ನಲ್ಲ. ಕಣ್ಣಾರೆ ಕಾಣದೆ ನಿಜ ಅಂತಲೂ ಅನ್ನಕ್ಕಾಗಲ್ಲ. ಇಷ್ಟೇ ನನ್ನಿಂದ ಆಗೋದು." ಅವರು ಫಿರ್ದೋಸಳಿಗೆ ಕೈಮುಗಿದು ಕಾರು ಹತ್ತಿದರು.

ಅಲ್ಲಿಗೆ ಮುಗಿಯಿತು. ಪಟ್ಟಿ, ಪಾತ್ರೆ, ಪುಟ್ಟ ಫ್ಯಾನು ಚೀಲಕ್ಕೆ ಮರಳಿದವು. ತಂದೆ ಮಗಳು ರಸ್ತೆಗಿಳಿದರು. ಬಿಸಿಲು ನೆತ್ತಿಯ ಮೇಲಿತ್ತು. ಸ್ವಲ್ಪ ದೂರ ನಡೆದ ಮೇಲೆ ಫಿರ್ದೋಸ್ ನಿಂತು ತಿರುಗಿದಳು.

"ಯಾಕೆ ಹೇಳಿದ್ರಿ?"

ಲಾಲ್ ಸಾಬರು ಚೀಲ ಕೆಳಗಿಟ್ಟರು.

"ಸೋತಿದ್ದನ್ನ ಜನ ಮರೀತಾರೆ ಅಬ್ಬಾ. ನಗು ಬಂದಿದ್ದನ್ನ ಮರೆಯಲ್ಲ. ಇನ್ಮೇಲೆ ನಾನು ಯಾವ ಬಾಗಿಲಿಗೆ ಹೋದ್ರೂ ಕಲಾಯಿ ಹಾಕಿಸ್ಕೊಂಡ ಹುಡುಗಿ. ನಿಮ್ಮನ್ನ ನೋಡಿ ನಕ್ಕರಲ್ಲ, ಅದು ನೋಡ್ಬಾರ್ದು ಅಂತ ತಾನೇ ನಾನು ಸುಮ್ಮನಿದ್ದಿದ್ದು?"

"ನೀನು ಚೆನ್ನಾಗಿ ಮಾಡಿದ್ದನ್ನ ನೀನೇ ಚೆನ್ನಾಗಿಲ್ಲ ಅಂದ್ಯಲ್ಲಮ್ಮ," ಎಂದರು ಅವರು. "ನಂಗದು ಕೇಳಕ್ಕಾಗ್ಲಿಲ್ಲ."

"ಇನ್ಮೇಲೆ ನಂಗೆ ಸಹಾಯ ಮಾಡ್ಬೇಡಿ. ಕೈಮುಗೀತೀನಿ."

"ಇಲ್ಲ. ಮಾಡಲ್ಲ."

ಕುಣಿಗಲ್ ಬಸ್‌ಸ್ಟ್ಯಾಂಡಿನವರೆಗೆ ಅವಳು ಮುಂದೆ, ಅವರು ಹಿಂದೆ. ತುಮಕೂರಿನ ಬಸ್ಸು ಬಂದಾಗ ಜನ ಮುಗಿಬಿದ್ದರು. ಫಿರ್ದೋಸ್ ನುಗ್ಗಿ ಹತ್ತಿದಳು. ಲಾಲ್ ಸಾಬರಿಗೆ ಆ ಭಾರದ ಚೀಲ ಹೊತ್ತು ನೂಕಾಡಲು ತ್ರಾಣವಿರಲಿಲ್ಲ. ಹತ್ತದೆ ಉಳಿದರೂ ಆಯಿತು, ಇನ್ನೊಂದು ಬಸ್ಸಿಗೆ ಬಂದರಾಯಿತು, ಅವಳ ಕಣ್ಣೆದುರು ಇಲ್ಲದಿದ್ದರೆ ಅವಳಿಗೂ ನೆಮ್ಮದಿ ಎಂದುಕೊಂಡು ಹಿಂದೆ ಸರಿದರು. ಒಳಗೆ ಕಿಟಕಿಯ ಬಳಿ ಮಗಳು ಕಂಡಳು. ಪಕ್ಕದ ಸೀಟಿನ ಮೇಲೆ ಕರ್ಚೀಫು ಹಾಸಿದ್ದಳು. ಯಾರೋ ದಪ್ಪ ಆಸಾಮಿ ಅದನ್ನು ಸರಿಸಿ ಕೂರಲು ನೋಡಿದ.

"ಜನ ಇದಾರೆ," ಎಂದಳು.

"ಎಲ್ಲವ್ರೆ ಜನ? ಬರೀ ಕರ್ಚೀಫ್ ಅದೆ."

"ಇದಾರೆ ಅಂದ್ನಲ್ಲ!"

ಅವಳು ಕಿರುಚಿದ್ದು ಹೊರಗೂ ಕೇಳಿಸಿತು. ಲಾಲ್ ಸಾಬರು ಚೀಲ ಎತ್ತಿಕೊಂಡರು. "ಹತ್ತಿ ಸಾಬ್ರೇ, ಮೆಟ್ಲಲ್ಲೇ ನಿಂತ್ರೆ ಹೆಂಗೆ!" ಎಂದು ಹಿಂದಿನವರು ತಳ್ಳಿದರು. ಅವರು ಬಂದು ಸೀಟಿನ ತುದಿಯಲ್ಲಿ, ಬೀಳುವವರಂತೆ ಕೂತರು. ಅವಳು ಕರ್ಚೀಫು ಎತ್ತಿಕೊಂಡು ಮುಖಕ್ಕೆ ಒತ್ತಿಕೊಂಡಳು. ಬೆಳಗಿನಿಂದ ಅಲುಗದಿದ್ದ ಬೆನ್ನು ಈಗ ಅಲುಗತೊಡಗಿತು. ತಲೆ ಸವರಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ. ಅದೂ ಸಹಾಯವಾಗಿಬಿಟ್ಟರೆ? ಮೊಣಕಾಲ ಮೇಲೆ ಕೈಯಿಟ್ಟು ಕೂತರು.

"ಎಲ್ಲಿಗೆ?" ಎಂದ ಕಂಡಕ್ಟರು.

ಲಾಲ್ ಸಾಬರು ಜೇಬು ತಡಕಿದರು. ಫಿರ್ದೋಸ್ ಮುಖದಿಂದ ಕರ್ಚೀಫು ತೆಗೆಯದೆಯೇ ಹೇಳಿದಳು.

"ಎರಡು ತುಮಕೂರು."